ಓಡದೆ ಮಲಗಿದ್ದ ಮರಿ

ಆ ಬೆಳಗ್ಗೆ ಗುಡ್ಡದ ಬುಡದಲ್ಲಿ ಇದ್ದದ್ದು ಅಪ್ಪ, ಅಕ್ಕ, ನಾನು ಮತ್ತು ನಮ್ಮ ಕುರಿಹಿಂಡು. ನಾನಿನ್ನೂ ಚಿಕ್ಕವಳು, ಅಕ್ಕನ ಸೊಂಟದೆತ್ತರ ಬೆಳೆದಿದ್ದೆ ಅಷ್ಟೆ. ಬಾಗೂರಿನಿಂದ ಆಚೆ ಇರುವ ಗುಡ್ಡ ಅದು. ಸಂಕ್ರಾಂತಿ ಕಳೆದು ಹುಲ್ಲು ಒಣಗಿ, ಕಾಲಿಟ್ಟರೆ ಚರಚರ ಅನ್ನುತ್ತಿತ್ತು. ಬಂದ್ರೆ ಅನ್ನೋ ಕುರುಚಲು ಗಿಡದ ಅಂಟು ವಾಸನೆ ಲಂಗಕ್ಕೆಲ್ಲ ಹತ್ತಿಕೊಂಡಿತ್ತು.

ವರ್ಷವೂ ಆ ಹೊತ್ತಿಗೆ ಕುರಿ ಸಾಕಿದವರು ಗುಡ್ಡಕ್ಕೆ ಬೆಂಕಿ ಹಚ್ಚುತ್ತಿದ್ದರು. ಹಳೇ ಹುಲ್ಲು ಸುಟ್ಟರೆ ಮೊದಲ ಮಳೆಗೆ ಎಳೇ ಹುಲ್ಲು ಚಿಗುರುತ್ತದೆ ಅಂತ. ಅದು ತಪ್ಪು ಅಂತ ಯಾರಿಗೂ ಅನ್ನಿಸಿರಲಿಲ್ಲ, ಅಕ್ಕನೊಬ್ಬಳನ್ನು ಬಿಟ್ಟು.

ಅಕ್ಕನಿಗೆ ಆ ಗುಡ್ಡದ ಗುಟ್ಟು ಗೊತ್ತಿತ್ತು. ಒಂದು ಕಾರೆ ಪೊದೆಯ ಪಕ್ಕ ಹಿಕ್ಕೆ ರಾಶಿ ಬಿದ್ದಿರುವುದನ್ನು ನನಗೆ ತೋರಿಸಿದ್ದಳು. ಕೊಂಡುಕುರಿ ಅನ್ನೋ ಕಾಡುಪ್ರಾಣಿಯ ರೂಢಿಯೇ ಹಾಗೆ, ದಿನವೂ ಬಂದು ಒಂದೇ ಜಾಗದಲ್ಲಿ ಹಿಕ್ಕೆ ಹಾಕುತ್ತದೆ. ನೋಡಲು ಸಣ್ಣ ಜಿಂಕೆಯಂತೆ, ಆದರೆ ಗಂಡಿನ ತಲೆಯ ಮೇಲೆ ನಾಲ್ಕು ಕೊಂಬು. ನಮ್ಮ ದೇಶದ ಇಂಥ ಒಣ ಕಾಡು, ನೇಪಾಳದ ಒಂದಿಷ್ಟು ಜಾಗ ಬಿಟ್ಟರೆ ಜಗತ್ತಿನಲ್ಲಿ ಮತ್ತೆಲ್ಲೂ ಅದು ಹುಟ್ಟುವುದಿಲ್ಲ ಮಕ್ಕಳೇ. ಆ ವರ್ಷ ಅಲ್ಲಿ ತಾಯಿಯೊಂದು ಮರಿ ಹಾಕಿತ್ತು.

"ಅಪ್ಪಾ, ಈ ಸಲ ಹಚ್ಚಬ್ಯಾಡ. ಮರಿ ಐತೆ," ಅಂದಳು ಅಕ್ಕ.

ಅಪ್ಪ ನಕ್ಕ. "ಲೇ ಹುಚ್ಚಿ, ತಾಯಿ ಐತಲ್ಲ! ನಮ್ಮ ಕುರಿಮರಿ ನೋಡಿಲ್ವಾ? ತಾಯಿ ಓಡಿದ್ರೆ ಹಿಂದೇನೇ ಓಡ್ತೈತೆ."

"ದೊಡ್ಡಿಗೆ ಬೆಂಕಿ ಬಿದ್ರೂ ಹಿಂಗೇ ನಗ್ತೀಯಾ?"

ಅಪ್ಪ ಕಡ್ಡಿ ಗೀರಿದ.

ಉರಿ ಗಾಳಿಯ ಜೊತೆ ಸರಸರನೆ ಏರಿತು. ಕೌಜುಗ ಹಕ್ಕಿಗಳು ಬರ್‍ರನೆ ಎದ್ದವು. ಮೊಲಗಳು ನಮ್ಮ ಕಾಲ ಸಂದಿಯಲ್ಲೇ ಓಡಿದವು. ತಾಯಿ ಕೊಂಡುಕುರಿ ಬಂಡೆಯ ಮೇಲೆ ಹತ್ತಿ ನಿಂತು ಕೂಗಿತು, ಮತ್ತೆ ಕೂಗಿತು. ಹಿಂದೆ ಮರಿ ಬರಲಿಲ್ಲ. ಅಕ್ಕ ಹಸಿ ಬಂದ್ರೆ ಸೊಪ್ಪು ಮುರಿದು ಉರಿಯನ್ನು ಬಡಿಯುತ್ತಾ ನುಗ್ಗಿದಳು. ಅಪ್ಪ ಹಿಂದೆಯೇ ಓಡಿ ಅವಳ ಜಡೆ ಹಿಡಿದು ಎಳೆದುಕೊಂಡು ಬಂದ.

ಹೊಗೆ ಇಳಿದ ಮೇಲೆ ಹೋಗಿ ನೋಡಿದೆವು. ಹಿಕ್ಕೆ ರಾಶಿಗೆ ಹತ್ತು ಹೆಜ್ಜೆ ದೂರದಲ್ಲಿ ಮರಿ ಕಾಲು ಮಡಚಿ, ಕುತ್ತಿಗೆ ನೆಲಕ್ಕೆ ಒತ್ತಿ ಮಲಗಿದ್ದಲ್ಲೇ ಸತ್ತಿತ್ತು. ಕುರಿಮರಿಯಂತೆ ಓಡುವುದು ಅದರ ಜಾತಿಗೆ ಇಲ್ಲ. ಅಪಾಯ ಬಂದರೆ ಹುಲ್ಲಿನಲ್ಲಿ ಅಲುಗಾಡದೆ ಮಲಗುವುದೇ ಅದಕ್ಕೆ ಗೊತ್ತು. ಆ ಹುಲ್ಲಿಗೇ ನಾವು ಬೆಂಕಿ ಹಚ್ಚಿದ್ದೆವು.

ಅಕ್ಕ ಅಳಲಿಲ್ಲ. "ಓಡ್ತೈತೆ ಅಂದ್ಯಲ್ಲಪ್ಪಾ," ಅಂದಳು, ಅಷ್ಟೆ. ಆಮೇಲೆ ಎಷ್ಟೋ ದಿನ ಅಪ್ಪನ ಜೊತೆ ಮಾತಾಡಲಿಲ್ಲ. ನಾನೂ ಆಡಲಿಲ್ಲ.

ಮುಂದಿನ ವರ್ಷ ಅಪ್ಪ ಕಡ್ಡಿಪೆಟ್ಟಿಗೆ ಮನೆಯಲ್ಲಿ ಬಿಟ್ಟು ಗುದ್ದಲಿ ತಂದ. ಬೇರೆಯವರು ಹಚ್ಚಿದ ಬೆಂಕಿ ಆ ಪೊದೆಗಳ ಕಡೆ ದಾಟದಂತೆ, ಒಂದು ಗಾಡಿ ಅಗಲ ಹುಲ್ಲು ಕೆತ್ತಿ ಬೋಳು ಮಾಡಿದ. "ಏನಪ್ಪ, ಗುಡ್ಡಕ್ಕೆ ಬೈತಲೆ ತೆಗೀತೀಯಾ?" ಅಂತ ಊರವರು ಗೇಲಿ ಮಾಡಿದರು. ಅಪ್ಪ ಸಾಯುವವರೆಗೂ ಕೆತ್ತಿದ.

ಅಪ್ಪನಿಗಾದರೂ ಗೊತ್ತಿರಲಿಲ್ಲ. ಈಗ? ನಿಮ್ಮ ಪುಸ್ತಕದಲ್ಲಿ ಕಾಡಿನ ಪಾಠ ಇದೆ, ಫೋನಿನಲ್ಲಿ ಕೊಂಡುಕುರಿಯ ಚಿತ್ರ ಇದೆ. ಎಲ್ಲ ಗೊತ್ತಿದ್ದೂ ಬೇಸಿಗೆ ಬಂದರೆ ಯಾರೋ ಕಡ್ಡಿ ಗೀರುತ್ತಾರೆ. ಕುಡಿದ ಬಾಟಲಿ ಒಡೆದು ಬಂಡೆ ಮೇಲೆ ಚೆಲ್ಲಿ ಹೋಗುತ್ತಾರೆ. ಹೋದ ವರ್ಷ ಕಲ್ಲು ಒಡೆಯಲು ಜಾಗ ನೋಡಲು ಬಂದವರು ನಮ್ಮ ಜಗಲಿಯಲ್ಲೇ ಕೂತು ಕಾಫಿ ಕುಡಿದು, "ಏನೂ ಇಲ್ಲ ಬಿಡ್ರಿ ಅಲ್ಲಿ, ಪಾಳು ಗುಡ್ಡ," ಅಂದರು. ನನಗೆ ಮೈಯೆಲ್ಲ ಉರಿಯಿತು. ಯಾರಿಗೆ ಪಾಳು? ಲೋಟ ಕಿತ್ತುಕೊಂಡು, "ಎದ್ದೇಳ್ರಿ," ಅಂದೆ.

ಈ ಸಂಕ್ರಾಂತಿಗೆ ಬಂದ ಮೊಮ್ಮಗಳು ಒಬ್ಬಳೇ ಗುಡ್ಡ ಹತ್ತಿ ಇಳಿದು ಬಂದಳು. "ಅಜ್ಜಿ, ಕಾರೆ ಪೊದೆ ಹತ್ರ ಹಿಕ್ಕೆ ರಾಶಿ ಐತೆ. ಮೇಲಿಂದು ಇನ್ನೂ ಹಸಿ ಐತೆ," ಅಂದಳು. ಆಮೇಲೆ ಅಟ್ಟದ ಮೇಲಿಂದ ನಮ್ಮಪ್ಪನ ಗುದ್ದಲಿ ಇಳಿಸಿಕೊಂಡಳು. ಅದರ ಕಾವು, ಆ ಮರದ ಹಿಡಿ, ಒಣಗಿ ಅಲ್ಲಾಡುತ್ತಿತ್ತು. ನಾನು ಅದನ್ನು ತೊಟ್ಟಿಯ ನೀರಿನಲ್ಲಿ ನೆನೆಹಾಕಿದೆ. ಬೆಳಗಾಗುವಷ್ಟರಲ್ಲಿ ಕಾವು ಉಬ್ಬಿ ಬಿಗಿಯಾಗಿತ್ತು.