ಬಾಯಿ ತೆರೆದ ಚಿತ್ರ

ಅಫಜಲಪುರದ ಒಂದು ಕಾಲೇಜಿನ ವಿದ್ಯಾರ್ಥಿಗಳು ಕಳೆದ ವರ್ಷ ಸಂಗೀತದ ಬಗ್ಗೆ ಒಂದು ಸಂಚಿಕೆ ಹೊರತಂದರು. ಅದರ ನಡುಪುಟದಲ್ಲಿ ಒಂದು ಭಾವಚಿತ್ರವಿದೆ. ಕೆಳಗೆ ‘ಭಜನೆಯಲ್ಲಿ ತಲ್ಲೀನರಾಗಿ ಹಾಡುತ್ತಿರುವ ಕರಜಗಿಯ ದೇವೀಂದ್ರಪ್ಪ’ ಎಂದು ಅಚ್ಚಾಗಿದೆ. ಈ ವಾಕ್ಯ ಸುಳ್ಳು. ಚಿತ್ರದಲ್ಲಿರುವ ಮನುಷ್ಯನ ತುಟಿಗಳು ಬಿಗಿಯಾಗಿ ಮುಚ್ಚಿವೆ. ಬಾಯಿ ಮುಚ್ಚಿಕೊಂಡು ಯಾರೂ ಹಾಡುವುದಿಲ್ಲವೆಂಬುದು ಸಂಪಾದಕ ಮಂಡಳಿಗೆ ತಿಳಿಯದೆ ಹೋಯಿತೆಂದು ನಾನು ನಂಬಲಾರೆ. ತಿದ್ದುಪಡಿ ಪ್ರಕಟಿಸಿರೆಂದು ಕಾಲೇಜಿಗೆ ಬರೆದೆ; ಉತ್ತರ ಬರಲಿಲ್ಲ. ಆದ್ದರಿಂದ ನಡೆದದ್ದನ್ನು ನಡೆದಂತೆ ಇಲ್ಲಿ ದಾಖಲಿಸುತ್ತಿದ್ದೇನೆ.

ಭೂಮಾಪನ ಇಲಾಖೆಯಲ್ಲಿ ಆಳಂದ, ಜೇವರ್ಗಿ, ಅಫಜಲಪುರ ತಾಲೂಕುಗಳ ಹೊಲಗಳನ್ನು ಅಳೆದು ನಿವೃತ್ತನಾದ ಮೇಲೆ ನಾನು ಕರಜಗಿಯಲ್ಲಿ ನೆಲೆಸಿದೆ. ದೇವೀಂದ್ರಪ್ಪ ನನ್ನ ಮಗ್ಗುಲ ಮನೆಯವನು. ವಯಸ್ಸಿನಲ್ಲಿ ಚಿಕ್ಕವನಾದ್ದರಿಂದ ಏಕವಚನ ಬಳಸುತ್ತಿದ್ದೇನೆಯೇ ಹೊರತು ಗೌರವದ ಕೊರತೆಯಿಂದಲ್ಲ. ಕಬ್ಬು ಬೆಳೆಯುತ್ತಿದ್ದ. ಪ್ರತಿ ಸೋಮವಾರ ಬಸವಣ್ಣನ ಗುಡಿಯಲ್ಲಿ ಹಾರ್ಮೋನಿಯಂ ಪೇಟಿ ಬಾರಿಸುತ್ತ ಭಜನೆಯ ಮುಂದಾಳಾಗಿ ಹಾಡುತ್ತಿದ್ದ. ಅವನ ಏರುಸ್ವರ ಎದ್ದಾಗ ಆಸುಪಾಸಿನ ಮನೆಗಳಲ್ಲಿ ರೊಟ್ಟಿ ಬಡಿಯುವ ಸದ್ದು ನಿಲ್ಲುತ್ತಿದ್ದುದನ್ನು ನಾನೇ ಎಷ್ಟೋ ಸಲ ಗಮನಿಸಿದ್ದೇನೆ.

ಒಬ್ಬಳೇ ಮಗಳು ಭಾಗ್ಯಜ್ಯೋತಿ, ಅಫಜಲಪುರದ ಆ ಕಾಲೇಜಿನಲ್ಲೇ ಓದುತ್ತಿದ್ದಳು. ಅವಳನ್ನು ಊಟಕ್ಕೆ ಕರೆಯುವುದೂ ಅದೇ ಸ್ವರದಲ್ಲಿ. ಮೂರನೆಯ ಕೂಗಿಗೆ ಮೊದಲು ಅವಳು ಏಳುತ್ತಿರಲಿಲ್ಲ. ತಾಯಿ ಶರಣಬಸಮ್ಮ ಒಲೆಯ ಮುಂದಿನಿಂದಲೇ ಬೈಯುವುದು ನನ್ನ ಪಡಸಾಲೆಗೆ ಕೇಳುತ್ತಿತ್ತು:

“ಒಂದ್ ಸಲ ಕರದ್ರ ಏಳಾಕ ಬರಂಗಿಲ್ಲೇನ್ ಬೇ? ನಿಮ್ಮಪ್ಪ ಏನು ನಿನ್ನ ಆಳೇನು?”

“ಮೂರನೇ ಸಲ ಅಪ್ಪ ಭಾಳ ಚಂದ ಕರೀತಾನ ಯವ್ವಾ.”

ದೇವೀಂದ್ರಪ್ಪನ ದನಿ ಒಡೆಯತೊಡಗಿದಾಗ ನೆಗಡಿಯೆಂದೆವು, ಗಾಳಿಯ ದೂಳೆಂದೆವು. ಕಷಾಯ ಕುಡಿದ, ಜ್ಯೇಷ್ಠಮಧು ಅಗಿದ. ಕಡೆಗೆ ಸೊಲ್ಲಾಪುರದ ವೈದ್ಯರು ಗಂಟಲಲ್ಲಿ ಗಂಟು ಬೆಳೆದಿದೆ, ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು, ಜೀವ ಉಳಿಯಬಹುದು, ಮಾತು ಉಳಿಯುವುದಿಲ್ಲ ಎಂದು ತಿಳಿಸಿದರು. ಶ್ರಾವಣ ಮುಗಿದ ಮೇಲೆ ಬನ್ನಿರೆಂದು ದಿನ ಗೊತ್ತುಮಾಡಿದರು.

ಅದೇ ಶ್ರಾವಣದಲ್ಲಿ ಕಾಲೇಜಿನ ಸಂಚಿಕೆಯ ಚಿತ್ರಗಳ ಹೊಣೆ ಭಾಗ್ಯಜ್ಯೋತಿಯ ಪಾಲಿಗೆ ಬಂತು. ಒಂದು ಮಧ್ಯಾಹ್ನ ದೊಡ್ಡ ಹಾಳೆ ಹಿಡಿದುಕೊಂಡು ನನ್ನಲ್ಲಿಗೆ ಬಂದಳು.

“ಮುತ್ಯಾ, ನೀವು ಜಮೀನು ಅಳದವರು. ಪುಟದಾಗ ಫೋಟೋ ಕೂಡೂ ಹಂಗ ಚೌಕ ಹಾಕಿಕೊಡ್ರಿ.”

ಹಾಕಿಕೊಟ್ಟೆ. ಒಂದೊಂದು ಚೌಕದಲ್ಲೂ ಅವಳು ಮೊದಲೇ ಬರೆದಳು: ಘತ್ತರಗಿಯ ನದಿಯ ದಂಡೆಯಲ್ಲಿ ಚೌಡಿಕಿ ಬಾರಿಸುವ ಹೆಣ್ಣುಮಕ್ಕಳು, ಬೆಳಗಿನ ಹೊತ್ತು, ಹಿಂದೆ ನೀರು ಕಾಣಬೇಕು; ಆಳಂದದ ಕವ್ವಾಲರು, ಬರೀ ಚಪ್ಪಾಳೆಯ ಕೈಗಳು; ಜೇವರ್ಗಿಯ ಹಲಗೆಯವರು, ನಿಂತಲ್ಲ, ನಡೆಯುತ್ತಿರುವಾಗ. ನಡುಪುಟಕ್ಕೆ ಒಂದೇ ದೊಡ್ಡ ಚೌಕ. ಅದರಲ್ಲಿ ‘ಅಪ್ಪ, ಏರುಸ್ವರದಾಗ. ಬಾಯಿ ಪೂರಾ ತೆರೆದಿರಬೇಕು’ ಎಂದು ಬರೆದು ಪೆನ್ಸಿಲನ್ನು ಕೆಳಗಿಟ್ಟಳು.

“ಸೊಲ್ಲಾಪುರಕ್ಕ ಹೋಗೂದ್ರಾಗ ಇದೊಂದು ಆಗಬೇಕ್ರಿ ಮುತ್ಯಾ. ಉಳದದ್ದು ಆದ್ರ ಆಯ್ತು, ಬಿಟ್ರ ಬಿಡ್ತು.”

ಅವಳ ಸಹಪಾಠಿ ಮಸರತ ಕ್ಯಾಮೆರಾ ತಂದಳು. ಅಫಜಲಪುರದಲ್ಲಿ ಸ್ಟುಡಿಯೋ ಇಟ್ಟಿರುವ ಅವಳ ಮಾಮ ಮೌಲಾಲಿ ಕೆಲವು ದಿನಗಳ ಮಟ್ಟಿಗೆ ಕೊಟ್ಟಿದ್ದ. ಸೋಮವಾರ ಬೆಳಿಗ್ಗೆ ದೇವೀಂದ್ರಪ್ಪನ ಮನೆಯ ಪಡಸಾಲೆಯಲ್ಲಿ ಪೇಟಿ ಇಟ್ಟರು. ಮುಖ ಮರೆಯಾಗದಂತೆ ಅದನ್ನು ಓರೆಯಾಗಿ ತಿರುಗಿಸಿದರು. ದೇವೀಂದ್ರಪ್ಪ ಮಡಿ ಧೋತರ ಉಟ್ಟು, ವಿಭೂತಿ ಧರಿಸಿ, ರುಮಾಲು ಸುತ್ತಿ ಬಂದು ಕುಳಿತ.

“ಹಾಡ್ರಿ ಕಾಕಾ, ನಾವು ಇಲ್ಲಿ ಇಲ್ಲೇ ಇಲ್ಲ ಅನ್ಕೋರಿ” ಎಂದಳು ಮಸರತ.

ಒಡಕು ದನಿಯಲ್ಲಿ ಶುರುಮಾಡಿದ. ಕ್ಯಾಮೆರಾ ಮೇಲೆದ್ದ ಕೂಡಲೇ ಬಾಯಿ ಮುಚ್ಚಿತು, ಕೈಗಳು ಪೇಟಿ ಬಿಟ್ಟು ಮೊಣಕಾಲ ಮೇಲೆ ಬಂದವು. ಮತ್ತೆ ಹಾಡಿಸಿದರು, ಮತ್ತೆ ಹಾಗೆಯೇ; ಮಸರತ ತೆಗೆದ ಚಿತ್ರಗಳಲ್ಲೆಲ್ಲ ಮುಚ್ಚಿದ ಬಾಯಿಯೇ.

“ಅಪ್ಪಾ, ಹಾಡು ಅಂದ್ರ ಆಧಾರ್ ಕಾರ್ಡಿಗಿ ಕುಂತಂಗ ಕುಂತಿಯಲ್ಲ!”

“ದನಿ ಒಡದದ ಯವ್ವಾ.”

“ಒಡದದ್ದು ಫೋಟೋಕ್ಕ ಕೇಳಸಂಗಿಲ್ಲ.”

ಶರಣಬಸಮ್ಮ ಬಾಗಿಲಲ್ಲಿ ನಿಂತು ನಕ್ಕಳು. “ಮದಿವ್ಯಾಗೂ ಹಿಂಗ ಕುಂತಿದ್ರು. ಬಾಜೂಕ ನಾ ಇದ್ದೇನೋ ಇಲ್ಲೋ, ಅದರ ಖಬರೂ ಇದ್ದಿಲ್ಲ.”

ಎಲ್ಲರೂ ನಕ್ಕರು, ದೇವೀಂದ್ರಪ್ಪ ನಗಲಿಲ್ಲ. ಸಂಜೆ ನನ್ನ ಕಟ್ಟೆಗೆ ಬಂದು ಕುಳಿತು ಹೇಳಿದ:

“ಪೋರಿ ಪುಸ್ತಕಕ್ಕ ಅಂತಾಳ್ರಿ ಕಾಕಾ. ನನಗ ಇಷ್ಟೂ ತಿಳಿಯಂಗಿಲ್ಲೇನ್ರಿ? ಸೊಲ್ಲಾಪುರದಾಗ ಹೆಂಗಾಗ್ತದೋ ಏನೋ, ಗ್ವಾಡಿಗಿ ಒಂದು ಫೋಟೋ ಬೇಕಲ್ಲ. ಬಾಯಿ ತಕ್ಕೊಂಡಿದ್ದಕ್ಕ ಯಾರರೆ ಹಾರ ಹಾಕ್ತಾರೇನ್ರಿ? ಬಂದ ಮಂದಿ ಏನಂದಾರು? ಅದಕ್ಕ ನಾನೇ ನೆಟ್ಟಗ ಕುಂತೆ.”

ನಮ್ಮ ಕಡೆಯ ಮನೆಗಳಲ್ಲಿ ಗೋಡೆಯ ಮೇಲಿನ ಹಿರಿಯರ ಫೋಟೋ ಎಂದರೆ ಇಷ್ಟೇ: ನೆಟ್ಟನೆಯ ಬೆನ್ನು, ಹಣೆಗೆ ವಿಭೂತಿ, ಮುಚ್ಚಿದ ಬಾಯಿ, ಮುಂದೊಂದು ದಿನ ಅದಕ್ಕೆ ಹಾರ. ಮಗಳು ದನಿ ಇರುವಾಗಿನ ಅಪ್ಪನನ್ನು ಹಿಡಿಯಲು ಹೆಣಗುತ್ತಿದ್ದಳು. ಅಪ್ಪ ತಾನು ಸತ್ತ ಮೇಲಿನ ಚಿತ್ರಕ್ಕೆ ಅವಳಿಗೆ ನೆರವಾಗುತ್ತಿದ್ದ. ಒಬ್ಬರಿಗೊಬ್ಬರು ಬಾಯಿಬಿಟ್ಟು ಹೇಳಿರಲಿಲ್ಲ.

“ದೇವೀಂದ್ರಪ್ಪಾ, ಆ ಪುಟದ ಚೌಕ ನಾನೇ ಹಾಕೀನಿ” ಎಂದೆ. “ಅದು ಗ್ವಾಡಿಗಿ ಅಲ್ಲ. ಹಾಡಿಗೇ.”

“ಖರೇನೇನ್ರಿ?” ಎಂದು ನನ್ನ ಮುಖವನ್ನೇ ನೋಡಿದ. “ಪಾಪ, ಕೂಸು... ಮುಂಜಾನಿಂದ ಎಷ್ಟ್ ಬೇಡಿಕೊಳ್ತು. ನಾಳಿ ಹಾಡ್ತೇನ್ರಿ.”

ಮರುದಿನ ಸ್ನಾನ ಮಾಡಿ, ರುಮಾಲಿಲ್ಲದೆ, ನಿತ್ಯದ ಅಂಗಿಯಲ್ಲೇ ಪೇಟಿಯ ಮುಂದೆ ಕುಳಿತ. ಈ ಸಲ ಕ್ಯಾಮೆರಾದ ಕಡೆ ನೋಡಲೇ ಇಲ್ಲ. ಸ್ವರ ಹಿಡಿದು ಬಾಯಿ ತೆರೆದ. ಹಾಡು ಬರಲಿಲ್ಲ, ಕೆಮ್ಮು ಬಂತು. ಕೆಮ್ಮಿನೊಂದಿಗೆ ರಕ್ತ ಬಂತು. ಶರಣಬಸಮ್ಮ ಓಡಿಬಂದು ಗಂಡನ ಬಾಯಿಗೆ ಸೆರಗು ಹಿಡಿದಳು, ಇನ್ನೊಂದು ಕೈಯಿಂದ ಪೇಟಿಯ ತಿದಿ ಮುಚ್ಚಿದಳು. ಮಸರತ ಕ್ಯಾಮೆರಾವನ್ನು ಭಾಗ್ಯಜ್ಯೋತಿಯ ಕೈಗಿಟ್ಟು ನೀರು ತರಲು ಓಡಿದಳು. ಭಾಗ್ಯಜ್ಯೋತಿ ಅದನ್ನು ಕಣ್ಣಿನವರೆಗೆ ಎತ್ತಲಿಲ್ಲ. ಅಂಗಳಕ್ಕೆ ಹೋಗಿ ಬೇವಿನ ಗಿಡದ ಕೆಳಗೆ ಬೆನ್ನು ತಿರುಗಿಸಿ ಕುಳಿತುಬಿಟ್ಟಳು.

ಮಧ್ಯಾಹ್ನವಾಯಿತು. ದೇವೀಂದ್ರಪ್ಪ ಹೊಸ್ತಿಲಿಗೆ ಬಂದು ನಿಂತ. ನಾನು ನನ್ನ ಕಟ್ಟೆಯ ಮೇಲಿದ್ದೆ. ಮುಂದಿನದು ನಾನು ಕಣ್ಣಾರೆ ಕಂಡದ್ದು. ಮೊದಲ ಸಲ ಅವನ ಬಾಯಿಂದ ಬರೀ ಗಾಳಿ ಹೊರಟಿತು. ಎರಡನೆಯ ಸಲ ಹೆಸರಿನ ಅರ್ಧ ಬಂತು. ಮೂರನೆಯ ಸಲ ಬಾಗಿಲ ಚೌಕಟ್ಟಿಗೆ ಒಂದು ಕೈ ಆನಿಸಿ, ಕೊರಳು ಚಾಚಿ, ಕಣ್ಣು ಮುಚ್ಚಿ ಕೂಗಿದ:

“ಭಾಗ್ಯಾ... ಉಣಾಕ ಬಾ!”

ಒಡಕಾಗಿದ್ದರೂ ಅದು ಆ ಏರುಸ್ವರವೇ. ಭಾಗ್ಯಜ್ಯೋತಿ ತಿರುಗಿದಳು. ಕ್ಯಾಮೆರಾ ಕೈಯಲ್ಲಿತ್ತು, ಒತ್ತಿದಳು. ಆಮೇಲೆ ಅಲ್ಲೇ ಅತ್ತಳು.

ಆ ಚಿತ್ರವನ್ನು ನಾನು ನೋಡಿದ್ದೇನೆ. ಅಂಚು ತುಸು ಕದಲಿದೆ. ಉಳಿದಂತೆ ಅವಳು ಚೌಕದಲ್ಲಿ ಬರೆದದ್ದೆಲ್ಲ ಅದರಲ್ಲಿದೆ: ಉಬ್ಬಿದ ಕೊರಳ ನರ, ಪೂರಾ ತೆರೆದ ಬಾಯಿ. ಅಡಿಬರಹವನ್ನು ಅವಳೇ ಬರೆದಳು: ‘ದೇವೀಂದ್ರಪ್ಪ, ಮಗಳನ್ನು ಊಟಕ್ಕೆ ಕರೆಯುತ್ತಿರುವುದು. ಕರಜಗಿ.’

ಸಂಚಿಕೆಯ ಮೇಲ್ವಿಚಾರಕರಾದ ಅಧ್ಯಾಪಕರು ಅದನ್ನು ನೋಡಿ, ಇದರಲ್ಲಿ ವಾದ್ಯವಿಲ್ಲ, ವೇದಿಕೆಯಿಲ್ಲ, ಊಟಕ್ಕೆ ಕರೆಯುವುದು ಸಂಗೀತ ಹೇಗಾಗುತ್ತದೆ ಎಂದು ಕೇಳಿದರಂತೆ. ‘ಹಾಡುತ್ತಿರುವುದು’ ಎಂದು ಬರೆದರೆ ಹಾಕೋಣ ಎಂದರಂತೆ.

“ಅಪ್ಪ ಅವತ್ತು ಹಾಡಿಲ್ಲ ಸರ್. ಹಾಡಾಕ ಆಗಿಲ್ಲ. ಸುಳ್ಳು ಹೆಂಗ ಬರೀಲಿ?” ಎಂದು ಅವಳು ಒಪ್ಪಲಿಲ್ಲ. ಅವಳು ಅಪ್ಪನ ಜೊತೆ ಸೊಲ್ಲಾಪುರದ ಆಸ್ಪತ್ರೆಯಲ್ಲಿದ್ದಾಗ ಮಂಡಳಿಯವರು ಮಿಕ್ಕ ಚಿತ್ರಗಳ ಜೊತೆಗಿದ್ದ ಸೋಮವಾರದ ಚಿತ್ರವನ್ನು, ಪೇಟಿ ಕಾಣುತ್ತದೆಂಬ ಕಾರಣಕ್ಕೆ, ನಡುಪುಟಕ್ಕೆ ಹಾಕಿದರು. ಸತ್ಯ ಬರೆದುಕೊಟ್ಟ ವಿದ್ಯಾರ್ಥಿನಿಯ ಚಿತ್ರವನ್ನು ತಳ್ಳಿ, ಮುಚ್ಚಿದ ಬಾಯಿಯ ಕೆಳಗೆ ಹಾಡನ್ನು ಅಚ್ಚುಹಾಕಿಸಿದ ಈ ಅಧ್ಯಾಪಕರು ತರಗತಿಯಲ್ಲಿ ಪಾಠ ಹೇಳುವುದು ಪತ್ರಿಕೋದ್ಯಮವನ್ನು.

ದೇವೀಂದ್ರಪ್ಪ ಬದುಕಿ ಬಂದ. ಕೊರಳಲ್ಲಿ ಉಸಿರಾಟಕ್ಕೊಂದು ರಂಧ್ರವಿದೆ, ಅದರ ಮೇಲೊಂದು ತೆಳುಬಟ್ಟೆ. ಪೇಟಿಯನ್ನು ಗುಡಿಯವರಿಗೆ ಕೊಟ್ಟುಬಿಟ್ಟಿದ್ದಾನೆ. ಸೋಮವಾರ ಅಲ್ಲಿ ಭಜನೆ ಶುರುವಾದರೆ ಎದ್ದು ಕಬ್ಬಿನ ಕಡೆ ಹೋಗುತ್ತಾನೆ.

ಸಂಚಿಕೆ ಮನೆಗೆ ಬಂದ ದಿನ ನಾನು ಅಲ್ಲಿದ್ದೆ. ನಡುಪುಟ ತೆರೆದು ನೋಡಿದ. ಅಡಿಬರಹದ ಮೇಲೆ ಬೆರಳಿಟ್ಟು ಮಗಳ ಮುಖ ನೋಡಿ, ಇಲ್ಲವೆಂಬಂತೆ ತಲೆಯಾಡಿಸಿದ. ಪುಸ್ತಕ ಮುಚ್ಚಿ, ಬೇವಿನ ಗಿಡದ ಕಡೆ ಕೈ ತೋರಿಸಿ, ತನ್ನ ಬಾಯಿಯನ್ನು ಅಗಲವಾಗಿ ತೆರೆದು ತೋರಿಸಿದ. ಅವನು ಕೇಳಿದ್ದು ಯಾವುದನ್ನೆಂದು ಭಾಗ್ಯಜ್ಯೋತಿಗೆ ತಿಳಿಯಿತು, ಒಳಗಿನಿಂದ ತಂದುಕೊಟ್ಟಳು. ಸ್ಟುಡಿಯೋದ ಮೌಲಾಲಿ ಅದಕ್ಕೆ ಆಗಲೇ ಕಟ್ಟು ಹಾಕಿಸಿ ಕಳಿಸಿದ್ದ.

“ಬಾಯಿ ತಕ್ಕೊಂಡಿದ್ದು ಗ್ವಾಡಿಗಿ ಬ್ಯಾಡ ಅಂದವ್ರು ನೀವೇ ಅಲ್ಲೇನ್ರಿ?” ಎಂದಳು ಶರಣಬಸಮ್ಮ; ಅಂದು ಸಂಜೆ ನನ್ನ ಕಟ್ಟೆಯ ಮೇಲೆ ಆಡಿದ ಮಾತು ಅವಳಿಗೂ ಕೇಳಿಸಿತ್ತು. ಅವನು ಕೇಳದವನಂತೆ ಮೊಳೆ ಹುಡುಕಿ, ಬಾಗಿಲ ಪಕ್ಕದ ಗೋಡೆಗೆ ತಾನೇ ಬಡಿದು, ತಾನೇ ತೂಗುಹಾಕಿದ.

ಈಗ ಊಟದ ಹೊತ್ತಿಗೆ ದೇವೀಂದ್ರಪ್ಪ ಹೊಸ್ತಿಲಿಗೆ ಬಂದು ಆ ಚಿತ್ರದ ಕಟ್ಟಿನ ಮೇಲೆ ಬೆರಳಿನಿಂದ ಬಡಿಯುತ್ತಾನೆ. ಭಾಗ್ಯಜ್ಯೋತಿ ಎಲ್ಲಿದ್ದರೂ ಮೊದಲ ಸದ್ದಿಗೇ ಎದ್ದು ಬರುತ್ತಾಳೆ.