ತಪ್ಪು ಮನೆಯಲ್ಲಿ ಎಂಟು ಮಿರ್ಚಿ

ಕಳೆದ ಭಾನುವಾರ ಬೆಳಿಗ್ಗೆ ಸುಲೇಪೇಟದಲ್ಲಿ, ಗುರುತು ಪರಿಚಯವೇ ಇಲ್ಲದವರ ಮನೆಯ ಪಡಸಾಲೆಯಲ್ಲಿ ಕೂತು ನಾನು ಆರು ಮಿರ್ಚಿ ಭಜಿ ತಿಂದೆ. ನನ್ನ ಅಕ್ಕ ನಾಲ್ಕು ತಿಂದಳು. ಅಕ್ಕನ ಮಗ ಎಂಟು ತಿಂದ. ಜೊತೆಗೆ ತಲಾ ಎರಡೆರಡು ಪ್ಲೇಟ್ ಸುಸಲಾ, ಮೇಲೆ ಕಪ್ ತುಂಬ ಚಹಾ.

ಅದು ಯಾರ ಮನೆ ಅಂತ ನಮಗೆ ಗೊತ್ತಿರಲಿಲ್ಲ. ನಾವು ಯಾರು ಅಂತ ಅವರಿಗೂ ಗೊತ್ತಿರಲಿಲ್ಲ. (ಈಗಲೇ ನಗಬೇಡಿ. ಪೂರ್ತಿ ಓದಿ, ಆಮೇಲೆ ನಗಿ.)

ಆದದ್ದಿಷ್ಟು. ಚಿತ್ತಾಪುರದಲ್ಲಿರುವ ನನ್ನ ಅಕ್ಕ ಶಾಂತಾಬಾಯಿಗೆ ಒಬ್ಬನೇ ಮಗ. ಹೆಸರು ಮಲ್ಲಿಕಾರ್ಜುನ, ಮನೆಯವರಿಗೆಲ್ಲ ಮಲ್ಲು. ದಂಡೋತಿಯ ಶಾಲೆಯಲ್ಲಿ ಗಣಿತದ ಮೇಷ್ಟ್ರು. ವಯಸ್ಸು ಮೂವತ್ತೊಂದು, ಮೈಕಟ್ಟು ನಾಲ್ಕು ಜನರದ್ದು. ಸುಲೇಪೇಟದ ಭಾಗ್ಯಶ್ರೀ ಎಂಬ ಹುಡುಗಿಯ ಫೋಟೋ ಅವನಿಗೆ ಬಂದಿತ್ತು. ಆಕೆ ಚಿಂಚೋಳಿಯಲ್ಲಿ ನರ್ಸ್. ಫೋಟೋ ನೋಡಿದ ದಿನದಿಂದ ಹುಡುಗನಿಗೆ ಲೆಕ್ಕ ತಪ್ಪತೊಡಗಿತು. ಶಹಾಬಾದಿನಲ್ಲಿರುವ ನನಗೆ ದಿನಕ್ಕೆರಡು ಸಲ ಫೋನ್.

"ಮಾಮಾ, ಇದೊಂದು ಹೆಂಗರೆ ಮಾಡಿ ಕೂಡಿಸ್ರಿ. ನಾ ಇನ್ನ ಬ್ಯಾರೆ ಫೋಟೋ ನೋಡಂಗಿಲ್ಲ."

ಯಾಕಿಷ್ಟು ಭಯ? ಹೋದ ವರ್ಷ ಸೇಡಂನಲ್ಲಿ ಅವನಿಗೊಂದು ಒಳ್ಳೆಯ ಸಂಬಂಧ ತಪ್ಪಿಹೋಗಿತ್ತು. ಕಾರಣ ಜಾತಕವಲ್ಲ, ಸಂಬಳವೂ ಅಲ್ಲ. ಉಪ್ಪಿಟ್ಟು.

ಅಂದು ಸೋಮವಾರ, ಮಲ್ಲುವಿನ ಒಪ್ಪತ್ತು. ಎದುರಿಗಿಟ್ಟ ಉಪ್ಪಿಟ್ಟನ್ನು ಮುಟ್ಟದೆ ನೀರು ಕುಡಿದು ಎದ್ದುಬಂದ. ಒಪ್ಪತ್ತು ಅಂತ ಹೇಳಲು ನಾಚಿಕೆಯಂತೆ! ನಮ್ಮ ಕಡೆ ಇದಕ್ಕೇನು ಅರ್ಥ ಅಂತ ನಿಮಗೆ ಗೊತ್ತೇ ಇದೆ. ಹೆಣ್ಣು ನೋಡಲು ಹೋದವರು ಬಾಯಿಬಿಟ್ಟು ಬೇಡ ಅನ್ನುವುದಿಲ್ಲ, ಅದು ಮರ್ಯಾದೆಯಲ್ಲ. ತಿಂಡಿ ಹಾಗೇ ಬಿಟ್ಟು ಎದ್ದರೆ ಮುಗಿಯಿತು. ಪ್ಲೇಟ್ ಖಾಲಿಯಾದರೆ ಹೂಂ, ತುಂಬಿದ್ದರೆ ಊಹೂಂ. ನಾವು ಚಿತ್ತಾಪುರ ಮುಟ್ಟುವುದರೊಳಗೆ ಆ ಮನೆಯವರು ಬೇರೆ ಗಂಡಿನ ಫೋಟೋ ತರಿಸಿಕೊಂಡಾಗಿತ್ತು.

ಹಾಗಾಗಿ ಈ ಸಲ ಕಾರು ಹತ್ತುವ ಮೊದಲೇ ಅಕ್ಕನ ಆರ್ಡರ್ ಹೊರಟಿತು. "ದಾರ್ಯಾಗ ಯಾರೂ ಏನೂ ಮುಟ್ಟಂಗಿಲ್ಲ. ಹೊಟ್ಟಿ ಖಾಲಿ ಇರ್ಬೇಕು. ಅವ್ರು ಏನ್ ಇಡ್ತಾರ ಅಷ್ಟೂ ತಿನ್ಬೇಕು. ತಿಳೀತಿಲ್ಲೋ?"

ನನಗಂತೂ ಇದು ಡಬಲ್ ಶಿಕ್ಷೆ. ಕರಿದದ್ದು ಮುಟ್ಟಬೇಡಿ ಎಂದು ವಾಡಿಯ ಡಾಕ್ಟರು ಹೇಳಿ ಮೂರು ತಿಂಗಳಾಯಿತು. (ಅವರ ಕ್ಲಿನಿಕ್ಕಿನ ಎದುರಿಗೇ ಭಜಿ ಬಂಡಿ ನಿಲ್ಲುತ್ತದೆ. ಅದಕ್ಕೆ ನಾನು ಹೊಣೆಯೇ?) ಈ ಭಾನುವಾರ ಕುಟುಂಬದ ಕೆಲಸ ಎಂಬ ನೆಪದಲ್ಲಿ ಧಾರಾಳವಾಗಿ ತಿನ್ನಬಹುದು ಎಂದು ನಾನು ವಾರದಿಂದ ಕಾಯುತ್ತಿದ್ದೆ. ಅದಕ್ಕಾಗಿ ಬೆಳಿಗ್ಗೆಯಿಂದ ಉಪವಾಸ ಇರಬೇಕೆಂದರೆ ಹೇಗೆ? ಸೇಡಂ ಬಸ್‌ಸ್ಟ್ಯಾಂಡ್ ಹತ್ತಿರ ಬಂಡಿಗಳಲ್ಲಿ ಬಾಣಲೆ ಹೊಗೆಯಾಡುತ್ತಿತ್ತು. ಅಕ್ಕ ಕಾರಿನ ಗಾಜು ಏರಿಸಿದಳು. ಮಲ್ಲು ಕಣ್ಣು ಮುಚ್ಚಿಕೊಂಡ.

ಹುಡುಗಿಯ ಅಪ್ಪ ಫೋನಿನಲ್ಲಿ ಗುರುತು ಹೇಳಿದ್ದರು. ಹನುಮಪ್ಪನ ಗುಡಿಯ ಹಿಂದೆ, ನೀಲಿ ಬಾಗಿಲು, ಮುಂದೊಂದು ಬೇವಿನ ಗಿಡ. ಗುಡಿ ಸಿಕ್ಕಿತು. ಹಿಂದಿನ ಓಣಿಗೆ ತಿರುಗಿದೆವು. ಬೇವಿನ ಗಿಡ ಕಂಡಿತು, ನೀಲಿ ಬಾಗಿಲು ಕಂಡಿತು. ಎಲ್ಲಕ್ಕಿಂತ ಮಿಗಿಲಾಗಿ, ಒಳಗಿನಿಂದ ಮಿರ್ಚಿ ಕರಿಯುವ ವಾಸನೆ ಬಂತು. ಗಂಡಿನ ಕಡೆಯವರು ಬರುವ ಹೊತ್ತಿಗೆ ಸರಿಯಾಗಿ ಬಾಣಲೆ ಇಟ್ಟವರು ಹುಡುಗಿಯ ಮನೆಯವರಲ್ಲದೆ ಇನ್ಯಾರು? ನನ್ನ ಈ ತರ್ಕವನ್ನು ಗಣಿತದ ಮೇಷ್ಟ್ರೂ ಒಪ್ಪಿದ.

ಬಾಗಿಲಲ್ಲಿ ಬಿಳಿ ಧೋತರದ ಹಿರಿಯರೊಬ್ಬರು ನಿಂತಿದ್ದರು. ನಮ್ಮನ್ನು ಕಂಡದ್ದೇ ಮುಖ ಅರಳಿತು.

"ಬರ್ರಿ ಬರ್ರಿ! ಒಳಗ ಬರ್ರಿ, ಕುಂದ್ರಿ. ಏ ಇಕೀನ, ನೀರು ತಾ."

ನೀರು ಬಂತು. ನೀರಿನ ಹಿಂದೆಯೇ ಸುಸಲಾ ಬಂತು. ನೆನೆಸಿ ಹಿಂಡಿದ ಚುರುಮುರಿ, ಒಗ್ಗರಣೆಯಲ್ಲಿ ಹೊಳೆಯುವ ಶೇಂಗಾ, ಮೇಲೆ ಪುಠಾಣಿ ಹಿಟ್ಟು, ಹಿಂಡಿದ ನಿಂಬೆಹಣ್ಣು. ಬದಿಯಲ್ಲಿ ಬಾಣಲೆಯಿಂದ ಆಗಷ್ಟೇ ಇಳಿದ ಮಿರ್ಚಿ. ಮೇಲಿನ ಹಿಟ್ಟು ಗರಿಗರಿ, ಒಳಗಿನ ಕಾಯಿ ಮೆತ್ತಗೆ, ಸೀಳಿ ತುಂಬಿದ ಜೀರಿಗೆ ಉಪ್ಪು. ಮೊದಲ ತುತ್ತಿಗೇ ನನ್ನ ಕಣ್ಣಲ್ಲಿ ನೀರು ಬಂತು. ಖಾರಕ್ಕಲ್ಲ, ಸಂತೋಷಕ್ಕೆ.

ಮಾತುಕತೆಯೂ ಚೆನ್ನಾಗಿಯೇ ನಡೆಯಿತು.

"ಎಲ್ಲಾರೂ ಆರಾಮ ಅದಾರೇನ್ರಿ?" ಎಂದರು ಹಿರಿಯರು.

"ಆರಾಮ ಅದಾರ್ರಿ. ನಿಮ್ಮ ಕಡಿ?" ಎಂದಳು ಅಕ್ಕ.

"ಎಲ್ಲಾ ಆರಾಮ. ತೊಗರಿ ಹೆಂಗದ ನಿಮ್ಮ ಕಡಿ?"

"ಅದ ನೋಡ್ರಿ, ನಡದದ."

ಅರ್ಧ ತಾಸು ಹೀಗೇ ಸಾಗಿತು. ಯೋಚಿಸಿ ನೋಡಿ, ನಾವು ದಿನಾ ಆಡುವ ಮಾತುಗಳಲ್ಲಿ ಒಂದೇ ಒಂದು ಹೆಸರಾದರೂ ಬರುತ್ತದೆಯೇ? ಆರಾಮ, ಮಳೆ, ತೊಗರಿ, ಮೊಣಕಾಲು ನೋವು. ಇಷ್ಟರಲ್ಲಿ ಯಾರು ಯಾರ ಜೊತೆ ಬೇಕಾದರೂ ಇಡೀ ದಿನ ಮಾತಾಡಬಹುದು.

ಮನೆಯಾಕೆ ಮಾತ್ರ ಮಾತಾಡಲಿಲ್ಲ, ಬಡಿಸಿದರು. ನೀವು ಬೆಂಗಳೂರಿನ ದರ್ಶಿನಿಯಲ್ಲಿ ನಿಂತು ತಿಂದಿರಬಹುದು. ಅಲ್ಲಿ ಟೋಕನ್ ಕೊಟ್ಟರೆ ಎರಡು ಇಡ್ಲಿ, ಮೂರನೆಯದಕ್ಕೆ ಮತ್ತೆ ಕ್ಯೂ. ನಮ್ಮಲ್ಲಿ ಬಡಿಸುವ ಕೈ ತಡೆಯಲು ಯಾವ ಬ್ರೇಕೂ ಇಲ್ಲ. ನೀವು ಸಾಕು ಅಂದರೆ ಒಂದು ಬೀಳುತ್ತದೆ. ಪ್ಲೇಟಿಗೆ ಕೈ ಅಡ್ಡ ಹಿಡಿದರೆ ಬೆರಳ ಸಂದಿಯಿಂದ ಇನ್ನೊಂದು ಬೀಳುತ್ತದೆ. ಅರ್ಧ ಹಾಕ್ರಿ ಅಂದಿರೋ, ಎರಡು ಗ್ಯಾರಂಟಿ. ಶಹಾಬಾದಿನ ಖಾನಾವಳಿಯಲ್ಲಿ ಅರ್ಧ ರೊಟ್ಟಿ ಕೇಳಿ ಇವತ್ತಿನವರೆಗೆ ನಾನು ಅರ್ಧ ಪಡೆದಿಲ್ಲ.

ಮಲ್ಲುವಂತೂ ಸೇಡಂನ ಪಾಪವನ್ನೆಲ್ಲ ಇಲ್ಲೇ ತೊಳೆದುಕೊಳ್ಳುವವನಂತೆ ತಿಂದ. ಆರನೆಯದಕ್ಕೆ ಬೆವರಿದ. ಏಳನೆಯದಕ್ಕೆ ಬೆಲ್ಟ್ ಸಡಿಲಿಸಿದ. ಎಂಟನೆಯದು ಮುಗಿದಾಗ ಅಕ್ಕ ಹೆಮ್ಮೆಯಿಂದ ನನ್ನತ್ತ ನೋಡಿದಳು. ಪ್ಲೇಟ್ ಖಾಲಿ! ಇನ್ನೇನು ಬೇಕು?

ಚಹಾ ಮುಗಿಸಿ ಅಕ್ಕ ಸೆರಗು ಸರಿಮಾಡಿಕೊಂಡು ಹೇಳಿದಳು. "ಮತ್ತ ಹುಡುಗೀನ್ನ ಕರೀರಿ."

ಹಿರಿಯರು ಸುತ್ತ ನೋಡಿದರು. "ಯಾವ ಹುಡುಗಿ?"

"ಭಾಗ್ಯಶ್ರೀನ್ರಿ."

"ನಮಗ ಮೂರೂ ಗಂಡಮಕ್ಕಳವ್ವಾ. ಭಾಗ್ಯಶ್ರೀ ಮನಿ ಅತ್ಲಾಗ, ಮೂರನೇದು."

ನಾನು ಚಹಾದ ಕಪ್ ಕೆಳಗಿಟ್ಟೆ. ಮಲ್ಲು ಸಡಿಲಿಸಿದ್ದ ಬೆಲ್ಟನ್ನು ಮತ್ತೆ ಬಿಗಿಯತೊಡಗಿದ.

"ಅಲ್ರೀ, ನಾವು ಯಾರು ಅಂತ ನೀವರೆ ಒಂದು ಮಾತು ಕೇಳಬಾರದಾ?" ಎಂದೆ.

ಹಿರಿಯರಿಗೆ ಸಿಟ್ಟೇ ಬಂತು. "ತಿನ್ನೋರ್ನ ನೀವ್ಯಾರು ಅಂತ ಕೇಳ್ತಾರೇನ್ರಿ? ನಾ ಇಕೀ ತವರುಮನಿ ಕಡಿಯವ್ರು ಅಂದ್ಕೊಂಡೆ."

"ಅಯ್ಯ, ನಾ ಇವ್ರ ಕಡಿ ಬೀಗರು ಅಂದ್ಕೊಂಡೀನಿ!" ಎಂದರು ಆಕೆ. ಹಾಗೆನ್ನುವಾಗಲೂ ಕೈಯಲ್ಲಿ ಇನ್ನೊಂದು ಮಿರ್ಚಿ ಇತ್ತು.

ಕೈಮುಗಿದು ಹೊರಬಿದ್ದೆವು. ಮೂರನೇ ಮನೆ ಸಿಕ್ಕಿತು. ಅದಕ್ಕೂ ನೀಲಿ ಬಾಗಿಲು, ಅದರ ಮುಂದೂ ಬೇವಿನ ಗಿಡ. ಬಾಗಿಲಲ್ಲಿ ಭಾಗ್ಯಶ್ರೀಯ ಅಪ್ಪ ಕಾದು ಕಾದು ಕುತ್ತಿಗೆ ಉದ್ದ ಮಾಡಿ ನಿಂತಿದ್ದರು. ಒಳಗೆ ಚಾಪೆ, ನೀರು, ಆಮೇಲೆ ಹುಡುಗಿಯ ತಾಯಿ ತಂದಿಟ್ಟ ಪ್ಲೇಟು.

ಸುಸಲಾ. ಮಿರ್ಚಿ. ಇದರ ಜೊತೆ ತುಪ್ಪದಲ್ಲಿ ತೇಲುವ ಶಿರಾ.

ಅಕ್ಕ ಮಲ್ಲುವನ್ನು ನೋಡಿದಳು. ಮಲ್ಲು ನನ್ನನ್ನು ನೋಡಿದ. ನಾನು ಜಂತಿ ನೋಡಿದೆ. ಓದುಗರೇ, ಆ ಕ್ಷಣ ಒಬ್ಬ ಹುಡುಗನ ಬಾಳು ಮಿರ್ಚಿಯ ತುದಿಯಲ್ಲಿ ನೇತಾಡುತ್ತಿತ್ತು.

ಧೈರ್ಯ ಮಾಡಿ ಅವನು ಒಂದು ಕಚ್ಚಿದ. ಅಗಿದ. ಅಗಿಯುತ್ತಲೇ ಇದ್ದ. ನಾನು ಸಂಬಂಧಕ್ಕಾಗಿ, ಸೋದರಮಾವ ಎಂಬ ಸ್ಥಾನದ ಮರ್ಯಾದೆಗಾಗಿ ಎರಡು ನುಂಗಿದೆ. ಮಲ್ಲು ಹೇಗೋ ಒಂದು ಪೂರೈಸಿ, ಪ್ಲೇಟನ್ನು ಮೆಲ್ಲಗೆ ಮುಂದೆ ಸರಿಸಿದ.

ಆ ಸಣ್ಣ ಸದ್ದಿಗೆ ತಾಯಿಯ ಮುಖ ಇಳಿಯಿತು. ಅಪ್ಪ ನೆಲ ನೋಡುತ್ತ ಕೇಳಿದರು. "ಯಾಕ್ರಿ ಮಾಸ್ತರ, ನಮ್ಮ ಮನಿ ತಿಂಡಿ ಸೇರಲಿಲ್ಲೇನು?"

"ಅಂವ ಮದ್ಲಿನಿಂದ ಕಮ್ಮೀನೇ ತಿಂತಾನ್ರಿ," ಎಂದಳು ಅಕ್ಕ. ಚಾಪೆಯ ಅರ್ಧ ಭಾಗ ತುಂಬಿ ಕೂತ ಮಗನನ್ನು ಅವರೆಲ್ಲ ಒಮ್ಮೆ ನೋಡಿದರು. ಯಾರೂ ನಂಬಲಿಲ್ಲ.

ಇನ್ನೊಂದು ಸೇಡಂ ಆಗುತ್ತದಲ್ಲ! ಆಗ ಮಲ್ಲು ತಲೆ ಎತ್ತಿದ. ಸೇಡಂನಲ್ಲಿ ಬಾಯಿಬಿಡದೆ ಕೆಟ್ಟವನು ಇಲ್ಲಿ ಪಟಪಟ ಹೇಳಿಬಿಟ್ಟ.

"ಸೇರಲಾರದೇನಲ್ರಿ. ನಿಮ್ಮ ಮನಿ ಅಂದ್ಕೊಂಡು ಮೂಲಿಮನ್ಯಾಗ ಕುಂತು ಎಂಟು ತಿಂದು ಬಂದೀನಿ. ಇಷ್ಟು ತಿಂದದ್ದು ನೀವು ಖುಷಿ ಆಗ್ಲಿ ಅಂತ. ಇನ್ನ ಹೊಟ್ಟ್ಯಾಗ ಜಾಗಾನೇ ಇಲ್ಲ. ಆದ್ರ ನಾ ಒಲ್ಲೆ ಅನ್ನಲಿಕತ್ತಿಲ್ರಿ. ನಂದು ಹೂಂ ಅದ."

ಅಡುಗೆಮನೆಯಿಂದ ಒಂದು ನಗು ಕೇಳಿಸಿತು. ಬಾಯಿಗೆ ಸೆರಗು ಒತ್ತಿ ನಗುವ ನಗುವಲ್ಲ, ಉಸಿರುಗಟ್ಟಿ ನಗುವ ನಗು. ನಮ್ಮೆಲ್ಲರನ್ನೂ ನಗಿಸಿದ್ದು ಅದೇ. ಅಪ್ಪ ನಕ್ಕರು, ನಾನು ನಕ್ಕೆ, ಅಕ್ಕ ಅಳುತ್ತ ನಕ್ಕಳು.

ತಾಯಿ ಮಾತ್ರ ನಗಲಿಲ್ಲ. ಅವರಿಗೆ ಬೇರೆಯೇ ಚಿಂತೆ. "ಮತ್ತ ಯಾರ ಮನೀದು ಚಂದಿತ್ತು, ಅವರದೋ ನಮ್ಮದೋ?"

ಮಲ್ಲು ಬಾಯಿ ತೆರೆದ. ಸತ್ಯ ಹೇಳುವ ಹುಮ್ಮಸ್ಸು ಇನ್ನೂ ಇಳಿದಿರಲಿಲ್ಲ.

ಅಷ್ಟರಲ್ಲಿ ಯಾರೂ ಕರೆಯದೆ, ಕಣ್ಣೊರೆಸಿಕೊಳ್ಳುತ್ತ ಭಾಗ್ಯಶ್ರೀಯೇ ಹೊರಗೆ ಬಂದಳು. ನೇರ ಬಂದವಳೇ ಅವನ ಮುಂದಿನ ಪ್ಲೇಟ್ ಎತ್ತಿಕೊಂಡಳು. "ಸಾಕು ಬಿಡ್ರಿ. ಇನ್ನ ತಿಂದ್ರ ನಾನೇ ಇಂಜೆಕ್ಷನ್ ಮಾಡ್ಬೇಕಾಗ್ತದ."

ಸಾಕು! ಐವತ್ನಾಲ್ಕು ವರ್ಷದಲ್ಲಿ ನಮ್ಮ ಸೀಮೆಯ ಒಂದು ಮನೆಯಲ್ಲಿ, ಬಡಿಸುವವರ ಕಡೆಯಿಂದ ಈ ಪದ ನಾನು ಕೇಳಿದ್ದು ಇದೇ ಮೊದಲು. ಎದ್ದು ಆ ಹುಡುಗಿಯ ಕಾಲಿಗೆ ಬೀಳೋಣ ಅನ್ನಿಸಿತು. (ಬಗ್ಗಲು ಹೊಟ್ಟೆ ಬಿಡಲಿಲ್ಲ.)

"ಹುಡುಗ ಒಪ್ಪಿಗಿನಾ ಅವ್ವಾ?" ಎಂದು ಅಪ್ಪ ಅಲ್ಲೇ ಮಗಳನ್ನು ಕೇಳಿಬಿಟ್ಟರು.

ಆಕೆ ಮಲ್ಲುವನ್ನು ಒಮ್ಮೆ ಅಳೆದು ನೋಡಿದಳು. "ಗೊತ್ತಿಲ್ಲದವ್ರು ಬಡಿಸಿದ್ರೂ ಎಂಟು ತಿಂದಾರಪಾ. ಇವ್ರಿಗಿ ಒಲ್ಲೆ ಅನ್ನಲಿಕ್ಕೇ ಬರಂಗಿಲ್ಲ. ನಡೀತದ."

ಮಲ್ಲು ಇದನ್ನು ಮೆಚ್ಚುಗೆ ಎಂದೇ ತಿಳಿದು, ದಾರಿಯುದ್ದಕ್ಕೂ ಹಲ್ಲು ಕಿರಿಯುತ್ತ ಬಂದ. ಪಾಪ, ಮೇಷ್ಟ್ರಿಗೆ ಎಲ್ಲ ಲೆಕ್ಕವೂ ಬರುವುದಿಲ್ಲ.

ಸಂಜೆ ಮನೆಗೆ ಬಂದವನೇ ಹೆಂಡತಿಯ ಮುಂದೆ ಇದನ್ನೆಲ್ಲ ಅಭಿನಯಿಸಿ ತೋರಿಸಿದೆ. ಭಾಗ್ಯಶ್ರೀಯ ಕೊನೆಯ ಮಾತಿಗೆ ಆಕೆ ಬಿದ್ದು ಬಿದ್ದು ನಗುತ್ತಾಳೆ ಅಂತ ನನ್ನ ಅಂದಾಜು. ಆಕೆ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ, ನನ್ನ ಮುಖವನ್ನೇ ನೋಡಿ ಕೇಳಿದಳು:

"ಮತ್ತ ನಿಮ್ಮನ್ನ ನಾ ಏನ್ ನೋಡಿ ಒಪ್ಪೀನಿ ಅಂದ್ಕೊಂಡೀರಿ?"