ಕೋನಪ್ಪನ ಜೀಪಿಗೆ ಹೊಸ ಕ್ಲಚ್ಚು

"ಅಮ್ಮಾ, ಕೋನಪ್ಪಮಾಮ ಜೀಪಿನ ಕೆಳಗೇ ನಿದ್ದೆ ಮಾಡ್ತಾನಾ?" ಎಂದು ಚಲಪತಿ ನಿನ್ನೆ ಕೇಳಿದ. ನನ್ನ ಮಗನಿಗೆ ಪಕ್ಕದ ಮನೆಯ ಕೋನಪ್ಪ ಎಂದರೆ ಜೀಪಿನಡಿಯಿಂದ ಚಾಚಿಕೊಂಡ ಎರಡು ಕಾಲು, ಅಷ್ಟೇ.

ಮಿಲಿಟರಿಯವರು ಹರಾಜು ಹಾಕಿದ ಆ ಜೀಪನ್ನು ಕೊಂಡವರು ಅವನ ತಂದೆ. ಅವರು ತೀರಿಹೋದ ಮೇಲೆ ಕೋನಪ್ಪನೇ ಅದರಲ್ಲಿ ಮಂಚೇನಹಳ್ಳಿಯಿಂದ ಸಂತೆಗಳಿಗೆ ತರಕಾರಿ ಸಾಗಿಸುತ್ತಾನೆ. ಮಾತು ಕಡಿಮೆ. ಬಿಚ್ಚಿದ ಬೋಲ್ಟುಗಳನ್ನು ಮೊರದಲ್ಲಿ ಸಾಲಾಗಿ ಜೋಡಿಸಿಡುತ್ತಾನೆ. ಕೋಳಿ ಹತ್ತಿರ ಬಂದರೆ ಮಾತ್ರ ಬಾಯಿ ಬಿಡುತ್ತಾನೆ.

ಈಚೆಗೆ ಕ್ಲಚ್ಚು ಸವೆದು, ಇಂಜಿನ್ನು ಎಷ್ಟು ಅರಚಿದರೂ ಗಾಡಿ ಏರು ಹತ್ತುತ್ತಿರಲಿಲ್ಲ. ಶುಕ್ರವಾರ ಅವನು ತೊಂಡೇಬಾವಿಯಿಂದ ತುಂಬುಬಸುರಿ ತಂಗಿ ಲಕ್ಷ್ಮೀನರಸಮ್ಮನನ್ನು ಹೆರಿಗೆಗೆ ಕರೆತರಬೇಕು. ಎತ್ತಿನ ಗಾಡಿಯ ಕುಲುಕಾಟ ಅವಳಿಗೆ ಬೇಡವೆಂದು ಬೆಂಗಳೂರಿನಿಂದ ಹೊಸ ಕ್ಲಚ್ ಪ್ಲೇಟು ತರಿಸಿದ್ದ. ನಿನ್ನೆ ಹಗಲೆಲ್ಲ ಗೇರ್‌ಬಾಕ್ಸು ಇಳಿಸಿ ಅದನ್ನು ಕೂರಿಸಿದ.

"ಏಮಿರಾ, ತಂಗಿ ಬರೋಕೆ ಮುಂಚೆ ನಿನ್ನ ಜೀಪೇ ಬಾಣಂತಿ ಹಂಗೆ ಮಲಗೈತಲ್ಲ," ಎಂದು ಅವನ ತಾಯಿ ಆಂಜಿನಮ್ಮ ಜಗಲಿಯಿಂದ ತೆಲುಗು ಬೆರೆಸಿ ಕೆಣಕುತ್ತಿದ್ದರು.

ಇವತ್ತು ಬೆಳಿಗ್ಗೆ ಓಡಿಸಿ ನೋಡಿದರೆ, ಕೆರೆ ಏರಿ ಹತ್ತಲಾರದೆ ಗಾಡಿ ನಿಂತಿತು. ನಾಲ್ಕು ಜನ ತಳ್ಳಿಕೊಂಡು ಬಂದರು. ಕೋನಪ್ಪ ಮತ್ತೆ ಎಲ್ಲ ಬಿಚ್ಚಿ, ಪ್ಲೇಟನ್ನು ಮೂಸಿ ನೋಡಿ, ಚಿಕ್ಕ ಕೂಸನ್ನೆತ್ತಿಕೊಂಡು ಬೇಲಿಯ ಬಳಿ ನಿಂತಿದ್ದ ನನ್ನ ಕಡೆ ಚಾಚಿದ. ಸುಟ್ಟ ಹರಳೆಣ್ಣೆಯ ವಾಸನೆ.

ಮೊನ್ನೆ ಆಂಜಿನಮ್ಮ ಸಂತೋಷವಾಗಿ ಹೇಳಿದ್ದು ನೆನಪಾಯಿತು: "ಹೊಸ ಸಾಮಾನು ಹಂಗೇ ಹಾಕ್ತಾರೇನಮ್ಮ? ಎಣ್ಣೆ ಅರಿಶಿನ ಹಚ್ಚಿ, ದೇವರ ಮುಂದಿಟ್ಟು, ಸೆರಗಲ್ಲಿ ಒರೆಸಿಟ್ಟೆ." ಅದನ್ನು ಅವನಿಗೆ ಹೇಳಿದೆ.

"ಎಣ್ಣೆ ಕುಡಿದ ಪ್ಲೇಟು ಹಿಡಿಯಲ್ಲ ಅಕ್ಕ, ಜಾರ್ತದೆ," ಎಂದ. ಪೆಟ್ರೋಲಿನಲ್ಲಿ ತೊಳೆದು ನೋಡಿದ; ಎಣ್ಣೆ ಬಿಡಲಿಲ್ಲ. ತಾಯಿಯ ಮೇಲೆ ರೇಗುತ್ತಾನೇನೋ ಎಂದುಕೊಂಡೆ. ಅವನು ಜಗಲಿಯ ಕಡೆ ನೋಡಿ ದನಿ ತಗ್ಗಿಸಿದ.

"ಪೂಜೆಯಿಂದಲೇ ಕೆಟ್ಟಿತು ಅಂತ ಗೊತ್ತಾದ್ರೆ ಅಮ್ಮ ಅದನ್ನ ತಂಗಿ ಹೆರಿಗೆಗೆ ಅಪಶಕುನ ಅಂತಾಳೆ. ಅನ್ನ ಬಿಡ್ತಾಳೆ. ಅಂಗಡಿಯೋನು ಕಳಪೆ ಮಾಲು ಕೊಟ್ಟ ಅಂದ್ಬಿಡ್ತೀನಿ."

ಆ ಸುಳ್ಳು ನನಗೆ ತಪ್ಪೆನಿಸಲಿಲ್ಲ. ಹೆತ್ತವಳ ದಿಗಿಲು ಎಂಥದೆಂದು ನಾನೂ ಬಲ್ಲೆ.

"ಇನ್ನೊಂದು ಪ್ಲೇಟಿಗೆ ಈಗಲೇ ಹೇಳಿ ಕಳಿಸ್ತೀನಿ, ನಾಳೆ ಬಸ್ಸಲ್ಲಿ ಬರ್ತದೆ," ಎಂದ. "ಕಂಡ್ರೆ ಅಮ್ಮ ಮತ್ತೆ ಎಣ್ಣೆ ತರ್ತಾಳೆ. ನಿಮ್ಮನೇಲಿಟ್ಕೊಳ್ಳಿ. ನಾನು ಅದನ್ನ ಹಾಕೋ ಹೊತ್ತಿಗೆ, ಕೂಸಿಗೆ ನೀರು ಹಾಕೋಕೆ ಬನ್ನಿ ಅಂತ ಅಮ್ಮನ್ನ ನಿಮ್ಮನೆ ಒಳಗೆ ಕರ್ಕೊಂತೀರಾ ಅಕ್ಕ?"